ಸಹಾಯ ಬೇಕು: ತಲೆಯಲ್ಲಿ ಇದ್ದಕ್ಕಿದ್ದಂತೆ ಚುಚ್ಚುವ ನೋವು

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಕೆಲವು ವಾರಗಳಿಂದ ತಲೆಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು ಬರುತ್ತಿದೆ. ಎರಡು ಮೂರು ಸೆಕೆಂಡ್ ಅಷ್ಟೇ, ಆಮೇಲೆ ಏನೂ ಇಲ್ಲ. ಒಮ್ಮೆ ಬಲಗಣ್ಣಿನ ಹಿಂದೆ, ಇನ್ನೊಮ್ಮೆ ಎಡಕಿವಿಯ ಮೇಲೆ. ಮಾತಾಡುತ್ತಿದ್ದವಳು ತಟ್ಟನೆ ನಿಲ್ಲಿಸಿ ಹಣೆ ಒತ್ತಿ ಹಿಡಿದುಕೊಳ್ಳುತ್ತಾಳೆ, ನೋಡಿದರೆ ಎದೆ ಝಲ್ ಅನ್ನುತ್ತೆ. ಮೊದಲಿಂದಲೂ ಮೈಗ್ರೇನ್ ಇದೆ.

ಡಾಕ್ಟರು ನೋಡಿ 'ಪ್ರೈಮರಿ ಸ್ಟ್ಯಾಬಿಂಗ್ ಹೆಡೇಕ್' (ಬೇರೆ ಕಾಯಿಲೆ ಇಲ್ಲದೆ ಬರುವ ಚುಚ್ಚುವ ತಲೆನೋವು) ಇರಬಹುದು, ಮೈಗ್ರೇನ್ ಇರುವವರಲ್ಲಿ ಇದು ಹೆಚ್ಚು, ಸಾಮಾನ್ಯವಾಗಿ ಅಪಾಯವಿಲ್ಲ ಅಂದರು. ಯಾವಾಗಲೂ ಒಂದೇ ಜಾಗದಲ್ಲಿ ಬಂದರೆ ಸ್ಕ್ಯಾನ್ ಮಾಡಿಸಬೇಕಂತೆ. ಹಲ್ಲುಜ್ಜುವಾಗ, ಅಗಿಯುವಾಗ ಮುಖದಲ್ಲಿ ನೋವು ಹೊಡೆಯುತ್ತಾ ಎಂದೂ ಕೇಳಿದರು, ಅದು ಮುಖದ ಸ್ಪರ್ಶ, ನೋವು ತಿಳಿಸುವ ಟ್ರೈಜೆಮಿನಲ್ ನರದ ತೊಂದರೆಯ ಲಕ್ಷಣ. ಇವಳಿಗೆ ಹಾಗಿಲ್ಲ. (ಒಂದೇ ನಿಮಿಷದೊಳಗೆ ವಿಪರೀತಕ್ಕೇರುವ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದ ಜೊತೆ ಕುತ್ತಿಗೆ ಬಿಗಿತ, ಇವು ಯಾರಿಗೇ ಬಂದರೂ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.)

ನೋವು ಪದೇ ಪದೇ ಬಂದರೆ ಇಂಡೊಮೆಥಾಸಿನ್ (ಹೊಟ್ಟೆಗೆ ತೊಂದರೆ ಕೊಡಬಹುದಾದ ಒಂದು ನೋವಿನ ಮಾತ್ರೆ) ಕೊಡಬಹುದು ಅಂದಿದ್ದಾರೆ. ಅವಳಿಗೆ ಗ್ಯಾಸ್ಟ್ರಿಕ್ ಇದೆ, ಅದೇ ನಮಗೆ ಭಯ. ಈ ಮಾತ್ರೆ ತೆಗೆದುಕೊಂಡವರು ಇದ್ದೀರಾ? ಹೊಟ್ಟೆಗೆ ತೊಂದರೆ ಆಯಿತಾ? ಬೇರೆ ಔಷಧಿ ಯಾರಿಗಾದರೂ ಕೊಟ್ಟಿದ್ದಾರಾ? ಮಾತ್ರೆ ಇಲ್ಲದೆ ತಾನಾಗಿಯೇ ನಿಂತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.