ಸಬೊನಿಸ್ ಇದ್ದಾನೆಂದು ಬೂಜರನ್ನು ಬಿಡುವುದೇ?

ಪುಟ್ಟ, ನಮ್ಮ ತಂಡಕ್ಕೆ ಬೂಜರ್ ಬೇಡ ಎಂಬ ನಿನ್ನ ಸಂದೇಶ ಓದಿದೆ. ಅದರ ಕೆಳಗೆ ಭಾವ, ಅವನೇ ಬೇಕು ಎಂದು ಬರೆದದ್ದನ್ನೂ ಓದಿದೆ. ಇದು ಬೆರಳಿನಲ್ಲಿ ಒತ್ತಿ ಮುಗಿಸುವ ಮಾತಲ್ಲ, ಹಾಗಾಗಿ ಬಾಯಲ್ಲೇ ಹೇಳಿ ಕಳುಹಿಸುತ್ತಿದ್ದೇನೆ. ಫಾಲ್ಸಮ್‌ನಲ್ಲಿ ಮಗಳ ಅಭ್ಯಾಸ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿದೆ, ಜಿಮ್‌ನ ಹೊರಗೆ ಕಾರಿನಲ್ಲಿ ಕುಳಿತಿದ್ದೇನೆ. ಹಿಂದೆ ದಬ್ ದಬ್ ಎಂದು ಕೇಳಿಸುತ್ತಿರುವುದು ಚೆಂಡಿನ ಸದ್ದು.

ಮೊದಲು ಶಿವಮೊಗ್ಗದ ಅತ್ತೆಗೆ ಎರಡು ಮಾತು. ನಿನ್ನೆಯಿಂದ ಇವರೆಲ್ಲ ಯಾವ ಹುಡುಗನ ಬಗ್ಗೆ ಜಗಳವಾಡುತ್ತಿದ್ದಾರೆ, ಯಾರಿಗಾದರೂ ಗಂಡು ನೋಡುತ್ತಿದ್ದೀರಾ ಎಂದು ಕೇಳಿದ್ದಿರಿ. ಇಲ್ಲ ಅತ್ತೆ, ಇದು ಬ್ಯಾಸ್ಕೆಟ್‌ಬಾಲ್. ಎನ್‌ಬಿಎ ಎಂಬ ಇಲ್ಲಿಯ ದೊಡ್ಡ ಲೀಗಿನ ತಂಡಗಳು ಪ್ರತಿ ಜೂನ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಐಪಿಎಲ್ ಹರಾಜಿನ ಹಾಗೆ ದುಡ್ಡಿನ ಚೀಲ ಹಿಡಿದು ಕೂಗುವಂತಿಲ್ಲ, ಸರದಿಯಲ್ಲಿ ನಿಲ್ಲಬೇಕು. ಹೆಚ್ಚು ಸೋತವರಿಗೆ ಸರದಿಯಲ್ಲಿ ಮುಂದಿನ ಜಾಗ ಸಿಗುವ ಅವಕಾಶ ಹೆಚ್ಚು. ಆದರೆ ಬೇಕೆಂದೇ ಸೋಲಬಾರದೆಂದು ಮೊದಲ ನಾಲ್ಕು ಜಾಗಗಳಿಗೆ ಲಾಟರಿ ಇಟ್ಟಿದ್ದಾರೆ. ಹದಿನಾಲ್ಕು ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಜಾಗ ಸಿಗುವ ಸಾಧ್ಯತೆ ತಲಾ ಶೇ 14 ಮಾತ್ರ. 2025ರಲ್ಲಿ ಬರೀ ಶೇ 1.8 ಸಾಧ್ಯತೆ ಇದ್ದ ಡಲ್ಲಾಸ್‌ಗೆ ಅದೃಷ್ಟ ಒಲಿದು ಕೂಪರ್ ಫ್ಲ್ಯಾಗ್ ಎಂಬ ಆಟಗಾರ ಸಿಕ್ಕಿದ. ಈ ಸಲದ ಲಾಟರಿ ಇನ್ನೂ ಆಗಬೇಕು. ನಮ್ಮ ಊರಿನ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ಯಾರನ್ನು ಆರಿಸಬೇಕು ಎಂಬುದೇ ಜಗಳ.

ಪುಟ್ಟ, ಈಗ ನಿನ್ನ ವಾದಕ್ಕೆ ಬರುತ್ತೇನೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಬೂಜರ್ ಬೇಡ, ನಮ್ಮ ತಂಡದಲ್ಲಿ ಆಗಲೇ ಸಬೊನಿಸ್ ಇದ್ದಾನಲ್ಲ, ಇಬ್ಬರೂ ಬುಟ್ಟಿಯ ಬುಡದಲ್ಲೇ ಆಡುವವರು, ಒಂದೇ ಒರೆಯಲ್ಲಿ ಎರಡು ಕತ್ತಿ ಏಕೆ ಎಂದು ಬರೆದಿದ್ದೀಯೆ. ಅದನ್ನು ಓದಿದಾಗ ನನಗೆ ಎದೆ ಝಲ್ ಎಂದಿತು. ಏಕೆಂದರೆ ಇದೇ ಮಾತನ್ನು 2018ರ ಜೂನ್‌ನಲ್ಲಿ ನಮ್ಮ ಮನೆಯಲ್ಲಿ ನಾನೇ ಆಡಿದ್ದೆ.

ನಿನಗೆ ಆಗ ಹತ್ತು ವರ್ಷ. ಕಿಂಗ್ಸ್‌ಗೆ ಎರಡನೇ ಜಾಗ ಸಿಕ್ಕಿತ್ತು. ಇಲ್ಲಿಯ ಸಮಯಕ್ಕೆ ಸಂಜೆ ನಾಲ್ಕಕ್ಕೇ ಟಿವಿಯಲ್ಲಿ ಶುರುವಾಯಿತು, ಹೊರಗೆ ಉರಿಬಿಸಿಲು. ಅಜ್ಜಿ ತೀರ್ಥಹಳ್ಳಿಯ ಕೊಟ್ಟಿಗೆಯಿಂದ ತಂದುಕೊಟ್ಟಿದ್ದ ಹಿತ್ತಾಳೆಯ ಗಂಟೆ ನಿನ್ನ ತೊಡೆಯ ಮೇಲಿತ್ತು. ಲೇಕರ್ಸ್ ತಂಡದ ಆಗಿನ ತರಬೇತುದಾರ ಫಿಲ್ ಜಾಕ್ಸನ್ ನಮ್ಮ ಊರನ್ನು ದನಗಳ ಊರು ಎಂಬಂತೆ ಹೀಯಾಳಿಸಿದ ಮೇಲೆ ಇಲ್ಲಿಯ ಜನ ಹಸುವಿನ ಗಂಟೆ ಹಿಡಿದೇ ಪಂದ್ಯಕ್ಕೆ ಹೋಗತೊಡಗಿದರು ಎಂಬ ಕಥೆ ಕೇಳಿ ಅಜ್ಜಿ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದರು. ಹೆಸರು ಕೂಗುವ ಮೊದಲು ಸದ್ದಾಗಬಾರದೆಂದು ನೀನು ಗಂಟೆಯ ನಾಲಿಗೆಯನ್ನು ಎರಡು ಬೆರಳುಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಮೊದಲು ಫೀನಿಕ್ಸ್ ಏಟನ್‌ನನ್ನು ಆರಿಸಿತು. ಆಮೇಲೆ ನಮ್ಮದು: ಮಾರ್ವಿನ್ ಬ್ಯಾಗ್ಲಿ. ನೀನು ಗಂಟೆ ಬಾರಿಸಲಿಲ್ಲ. ಬೆರಳು ಸಡಿಲಿಸದೆ ಹಾಗೆಯೇ ಅದನ್ನು ನೆಲದ ಮೇಲಿಟ್ಟು, 'ಲೂಕಾ?' ಎಂದು ನನ್ನ ಮುಖ ನೋಡಿದೆ. ನಾನು, ನಮಗೆ ಫಾಕ್ಸ್ ಇದ್ದಾನಲ್ಲ ಪುಟ್ಟ, ಇಬ್ಬರಿಗೂ ಚೆಂಡು ಕೈಯಲ್ಲೇ ಬೇಕು, ನಮಗೆ ಬೇಕಾಗಿರುವುದು ಎತ್ತರದವನು ಎಂದು ಸಮಾಧಾನ ಹೇಳಿದೆ. ಆಗ ಈ ಊರಿನಲ್ಲಿ ಎಷ್ಟೋ ಜನ ಆಡುತ್ತಿದ್ದ ಮಾತು ಅದು, ನಾನೂ ನಂಬಿದ್ದೆ.

ಲೂಕಾ ಡಾನ್ಚಿಚ್ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ರಿಯಲ್ ಮ್ಯಾಡ್ರಿಡ್ ಪರವಾಗಿ ಯೂರೋಲೀಗ್ ಗೆದ್ದಿದ್ದ. 19ನೇ ವಯಸ್ಸಿಗೆ ಆ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದ. ನಮ್ಮ ಬೆನ್ನಿಗೇ ಮೂರನೇ ಜಾಗದಲ್ಲಿದ್ದ ಅಟ್ಲಾಂಟಾ ಅವನನ್ನು ಆರಿಸಿ ಡಲ್ಲಾಸ್‌ಗೆ ಕೊಟ್ಟಿತು. ಮರುವರ್ಷವೇ ಅವನು ವರ್ಷದ ಹೊಸ ಆಟಗಾರನಾದ, 2024ರಲ್ಲಿ ಡಲ್ಲಾಸನ್ನು ಫೈನಲ್‌ಗೆ ಕರೆದೊಯ್ದ. ಬ್ಯಾಗ್ಲಿ 2022ರ ಫೆಬ್ರವರಿಯಲ್ಲಿ ನಮ್ಮನ್ನು ಬಿಟ್ಟು ಡೆಟ್ರಾಯಿಟ್‌ಗೆ ಹೋದ. ಅವನನ್ನು ಬೈಯುವುದಿಲ್ಲ, ಪಾಪ, ಗಾಯಗಳು ಅವನನ್ನು ಬಿಡಲಿಲ್ಲ. ನನ್ನ ಸಂಕಟ ಬೇರೆ. ಯಾವ ಫಾಕ್ಸ್ ಇದ್ದಾನೆಂದು ನಾವು ಲೂಕಾನನ್ನು ಬಿಟ್ಟೆವೋ ಆ ಫಾಕ್ಸ್ 2025ರ ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋ ಸೇರಿದ. ಈಗ ನಮ್ಮ ಬಳಿ ಇವನೂ ಇಲ್ಲ, ಅವನೂ ಇಲ್ಲ.

ನಡುವೆ ಒಮ್ಮೆ ಸರಿಯಾದದ್ದನ್ನೇ ಮಾಡಿದ್ದೆವು. 2020ರಲ್ಲಿ ಹನ್ನೆರಡನೇ ಜಾಗದಲ್ಲಿ ಟೈರೀಸ್ ಹ್ಯಾಲಿಬರ್ಟನ್ ಇನ್ನೂ ಉಳಿದಿದ್ದ. ಫಾಕ್ಸ್ ಇದ್ದರೂ ಆರಿಸಿದೆವು. ಎರಡು ವರ್ಷ ತುಂಬುವ ಮೊದಲೇ, ಇಬ್ಬರೂ ಒಂದೇ ಬಗೆಯವರು ಎಂಬ ಅದೇ ಲೆಕ್ಕಾಚಾರಕ್ಕೆ ಬಿದ್ದು ಅವನನ್ನು ಇಂಡಿಯಾನಾಕ್ಕೆ ಕೊಟ್ಟು ಸಬೊನಿಸ್‌ನನ್ನು ತಂದೆವು. ಭಾವ, ನೀವು ಇದಕ್ಕೆ ಏನು ಹೇಳುತ್ತೀರೆಂದು ಗೊತ್ತು. ಸಬೊನಿಸ್ ಬಂದದ್ದರಿಂದಲೇ 2023ರಲ್ಲಿ ಪ್ಲೇಆಫ್ ಕಂಡೆವು, 16 ವರ್ಷಗಳ ಬರ ನೀಗಿತು, ಗೆದ್ದ ರಾತ್ರಿಗಳಲ್ಲಿ ಅರೀನಾದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕು ಹಾರಿತು. ಒಪ್ಪುತ್ತೇನೆ. ಆ ಬೆಳಕು ನೋಡಲೆಂದೇ ನಾನು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಡೌನ್‌ಟೌನ್‌ಗೆ ಹೋಗುತ್ತಿದ್ದೆ, ಅದನ್ನು ಮರೆಯಲಾರೆ. ಆದರೆ 2025ರಲ್ಲಿ ಇಂಡಿಯಾನಾವನ್ನು ಫೈನಲ್‌ನ ಏಳನೇ ಪಂದ್ಯದವರೆಗೆ ಎಳೆದುಕೊಂಡು ಹೋದವನು ಹ್ಯಾಲಿಬರ್ಟನ್. ಆ ಪಂದ್ಯದಲ್ಲಿ ಅವನು ಹಿಮ್ಮಡಿಯ ನರ ಹರಿದುಕೊಂಡು ನೆಲ ಗುದ್ದುತ್ತಿದ್ದಾಗ, ನಮ್ಮ ಮನೆಯ ಹುಡುಗನೇ ಬಿದ್ದಂತೆ ಅನ್ನಿಸಿ ನನ್ನ ಕಣ್ಣು ತುಂಬಿತು.

ಇನ್ನೂ ಹಿಂದಕ್ಕೆ ಹೋದರೆ ಹೊಟ್ಟೆ ಉರಿಯುತ್ತದೆ. 2012ರಲ್ಲಿ ಐದನೆಯವನಾಗಿ ಥಾಮಸ್ ರಾಬಿನ್ಸನ್‌ನನ್ನು ಆರಿಸಿದೆವು. ಆರನೆಯವನು ಡೇಮಿಯನ್ ಲಿಲ್ಲರ್ಡ್. ರಾಬಿನ್ಸನ್ ನಮ್ಮಲ್ಲಿ ಒಂದು ಸೀಸನ್ ಕೂಡ ಪೂರೈಸಲಿಲ್ಲ. 2009ರಲ್ಲಿ ನಾಲ್ಕನೆಯವನು ಟೈರೀಕ್ ಎವಾನ್ಸ್, ಏಳನೆಯವನಾಗಿ ವಾರಿಯರ್ಸ್‌ಗೆ ಹೋದವನು ಸ್ಟೆಫ್ ಕರ್ರಿ. ಎವಾನ್ಸ್ ಮೊದಲ ವರ್ಷವೇ ವರ್ಷದ ಹೊಸ ಆಟಗಾರನ ಪ್ರಶಸ್ತಿ ಗೆದ್ದಾಗ ನಾವೇ ಗೆದ್ದೆವು ಎಂದುಕೊಂಡಿದ್ದೆವು. 2023ರ ಏಪ್ರಿಲ್ 30ರಂದು ಅದೇ ಕರ್ರಿ ನಮ್ಮ ಅಂಗಳಕ್ಕೇ ಬಂದು, ಏಳನೇ ಪಂದ್ಯದಲ್ಲಿ 50 ಅಂಕ ಹೊಡೆದು ನಮ್ಮನ್ನು ಮನೆಗೆ ಕಳುಹಿಸಿದ. ಹಾಗಾಗಿ ಭಾವ, ಬೂಜರ್ ಮೊದಲ ದಿನದಿಂದಲೇ ಆಡಬಲ್ಲ, ಅಪ್ಪನೂ ಆಡಿದವನು, ಅದಕ್ಕೇ ಅವನು ಬೇಕು ಎಂಬ ನಿಮ್ಮ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲ ವರ್ಷದ ಆಟ ನೋಡಿ ಅಳೆಯಬೇಡಿ. ಅವನ ಅಪ್ಪ ಕಾರ್ಲೋಸ್ ಬೂಜರ್ 2002ರಲ್ಲಿ 35ನೆಯವನಾಗಿ ಆಯ್ಕೆಯಾಗಿ, ಆಮೇಲೆ ಎರಡು ಸಲ, ಲೀಗಿನ ಶ್ರೇಷ್ಠರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವನು. ಆವತ್ತು ಅವನನ್ನು ಬಿಟ್ಟುಕೊಟ್ಟ ತಂಡಗಳಿಗೂ ಏನೋ ಒಂದು ಲೆಕ್ಕ ಇದ್ದಿರಲೇಬೇಕು.

ನನ್ನ ಆಯ್ಕೆ ಕೇಳಿದ್ದೀರಿ, ಹೇಳುತ್ತೇನೆ. ಮೊದಲ ಜಾಗ ಸಿಕ್ಕರೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಎ.ಜೆ. ಡಿಬಾಂಟ್ಸಾ, ಮರುಮಾತಿಲ್ಲ. ಅಷ್ಟು ಎತ್ತರವಿದ್ದೂ ತನ್ನ ಶಾಟನ್ನು ತಾನೇ ಸೃಷ್ಟಿಸಿಕೊಳ್ಳುವವನು ಯಾವ ತಂಡದಲ್ಲಾದರೂ ಹೊಂದುತ್ತಾನೆ. ಎರಡನೆಯದಾದರೆ ಕ್ಯಾನ್ಸಸ್‌ನ ಡ್ಯಾರಿನ್ ಪೀಟರ್ಸನ್. ಅವನು ಹಲವು ಪಂದ್ಯಗಳನ್ನು ತಪ್ಪಿಸಿಕೊಂಡದ್ದು ನನಗೂ ಅಳುಕು ತರುತ್ತದೆ, ತಂಡದ ವೈದ್ಯರು ಅವನ ಕಾಲು ನೋಡಿ ಸರಿ ಎಂದ ಮೇಲೆಯೇ ಆರಿಸಬೇಕು. ಅವರಿಬ್ಬರೂ ಹೋಗಿ ಬೂಜರ್ ಉಳಿದಿದ್ದರೆ, ಪುಟ್ಟ, ಸಬೊನಿಸ್ ಕಡೆಗೆ ತಿರುಗಿಯೂ ನೋಡದೆ ಬೂಜರನ್ನು ಆರಿಸಬೇಕು. ಇಬ್ಬರೂ ಒಟ್ಟಿಗೆ ಆಡಲು ಆಗದಿದ್ದರೆ ಆ ತಲೆನೋವನ್ನು ತರಬೇತುದಾರರು ನೋಡಿಕೊಳ್ಳಲಿ. ಹತ್ತೊಂಬತ್ತಕ್ಕೆ ಕಾಲಿಡುತ್ತಿರುವ ಹುಡುಗ ಹತ್ತು ವರ್ಷ ಆಡಬೇಕಾದವನು. ಮೂವತ್ತರ ಸಬೊನಿಸ್ ಇನ್ನೆಷ್ಟು ವರ್ಷ ಇಲ್ಲಿರುತ್ತಾನೆ?

ಡ್ರಾಫ್ಟ್‌ನ ಎರಡನೇ ಸುತ್ತಿನ ಬಗ್ಗೆ ಯಾರೂ ಬರೆದಿಲ್ಲ, ಅಲ್ಲಿಯೂ ಕಣ್ಣಿಡಿ. 2011ರಲ್ಲಿ ಕಟ್ಟಕಡೆಯ 60ನೆಯವನಾಗಿ ನಮಗೆ ಸಿಕ್ಕ ಒಳ್ಳೆಯ ಆಟಗಾರ ಐಸಾಯಾ ಥಾಮಸ್. ಹೋದ ವರ್ಷ 42ನೆಯವನಾಗಿ ಬಂದ ಸ್ಟ್ಯಾನ್‌ಫರ್ಡ್‌ನ ಮ್ಯಾಕ್ಸಿಮ್ ರೇನೋ ಮೇಲೆ ನನಗೆ ತುಂಬಾ ಭರವಸೆಯಿದೆ.

ಮಗಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಾಳೆ, ಶೂ ಬಿಚ್ಚದೆ ಹಾಗೆಯೇ ಓಡಿ ಬರುತ್ತಿದ್ದಾಳೆ. ಲಾಟರಿಯ ಸಂಜೆ ಡೇವಿಸ್‌ನಿಂದ ಮನೆಗೆ ಬಂದುಬಿಡು ಪುಟ್ಟ, ಅಕ್ಕನಿಗೂ ಹೇಳಿದ್ದೇನೆ. ಗಂಟೆ ನಿನ್ನ ಹಾಸ್ಟೆಲ್ ಕೋಣೆಯಲ್ಲೇ ಇದೆಯಲ್ಲ, ಅದನ್ನು ತರಲು ಮರೆಯಬೇಡ.