ಲೈನ್ ಮನೆಯಲ್ಲಿರುವ ಅಸ್ಸಾಂ ಕುಟುಂಬಗಳಿಗೆ ಆಸ್ಪತ್ರೆ, ರೇಷನ್: ನೀವು ಹೇಗೆ ಮಾಡಿಸಿದಿರಿ?

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಈ ಸಲ ಕೊಯ್ಲಿಗೆ ಅಸ್ಸಾಮಿನಿಂದ ನಾಲ್ಕು ಕುಟುಂಬ ಬಂದಿವೆ, ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇದ್ದಾರೆ. ಒಬ್ಬಳು ಆರು ತಿಂಗಳ ಬಸುರಿ, ಇಲ್ಲಿಗೆ ಬಂದ ಮೇಲೆ ಎಲ್ಲೂ ತೋರಿಸಿಲ್ಲ. ಇನ್ನೊಬ್ಬರಿಗೆ ಮೂರು ವಾರದಿಂದ ಕೆಮ್ಮು. ಇಲ್ಲಿನ ವಿಳಾಸ ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎನ್ನುತ್ತಾರೆ ಮೇಸ್ತ್ರಿ. ನಿಜವಾ? ಎಲ್ಲಿಂದ ಶುರು ಮಾಡಲಿ?

ತೋಟದ ರೈಟರ್, ಅಮ್ಮತ್ತಿ:
ಮೇಡಂ, ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಇಲ್ಲಿನ ವಿಳಾಸವನ್ನು ನಮಗೆ ಯಾರೂ ಕೇಳಲಿಲ್ಲ. ನಮಗೆ ಅಡ್ಡ ಬಂದದ್ದು ಕಾಗದ ಅಲ್ಲ, ಹಾಜರಿ. ಡಾಕ್ಟರ್ ಸಿಗುವುದು ಬೆಳಗ್ಗೆ, ಕೊಯ್ಲೂ ಬೆಳಗ್ಗೆ. ಹೋದರೆ ಆ ದಿನದ ಕೂಲಿ ಹೋಯಿತು. ಸಂಜೆ ನಡೆದು ಹೋಗೋಣ ಅಂದರೆ ಆನೆ. ಹೀಗಾಗಿ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ನೆ ಇದ್ದುಬಿಡುತ್ತಾರೆ. ಕೊನೆಗೆ ನಮ್ಮ ಸಾಹುಕಾರರು ಆಸ್ಪತ್ರೆಗೆ ಹೋದ ದಿನಕ್ಕೂ ಪೂರ್ತಿ ಹಾಜರಿ ಕೊಡಲು ಒಪ್ಪಿದರು. ಪೇಟೆಗೆ ಸಾಮಾನಿಗೆ ಹೋಗುವ ಜೀಪಿನಲ್ಲೇ ಕರೆದುಕೊಂಡು ಹೋಗುತ್ತೇವೆ. ಮೊದಲ ವಾರ ಅರ್ಧ ಲೈನಿಗೆ ತಲೆನೋವು ಬಂತು, ಸುಳ್ಳು ಯಾಕೆ ಹೇಳಲಿ! ಆಮೇಲೆ ತಾನಾಗಿ ನಿಂತಿತು.

ಆಶಾ ಕಾರ್ಯಕರ್ತೆ, ಗೋಣಿಕೊಪ್ಪ ಕಡೆ:
ಅಕ್ಕ, ಬಸುರಿಯ ವಿಷಯ ಮೊದಲು. ನಿಮ್ಮ ಊರಿನ ಆಶಾಗೆ ಇವತ್ತೇ ಹೇಳಿ. ತಾಯಿ ಕಾರ್ಡ್ ಯಾವ ರಾಜ್ಯದವರಿಗೂ ಮಾಡುತ್ತೇವೆ. ಊರಲ್ಲಿ ಮಾಡಿಸಿದ ಕಾರ್ಡ್ ಇದ್ದರೆ ಅದನ್ನೂ ತರಲಿ, ಯಾವ ಚುಚ್ಚುಮದ್ದು ಆಗಿದೆ ಅಂತ ಗೊತ್ತಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್ ಆದರೂ ಔಷಧಿ, ರಕ್ತ, ಊಟಕ್ಕೆ ದುಡ್ಡಿಲ್ಲ. 2011ರಿಂದ ಈ ನಿಯಮ ಇದೆ. ನೋವು ಶುರುವಾದರೆ 108ಕ್ಕೆ ಫೋನ್ ಮಾಡಿ. ಆದರೆ ತೋಟದೊಳಗಿನ ದಾರಿ ಡ್ರೈವರಿಗೆ ಗೊತ್ತಾಗುವುದಿಲ್ಲ. ಗೇಟಿನ ಹತ್ತಿರ ಒಬ್ಬರು ಟಾರ್ಚ್ ಹಿಡಿದು ನಿಂತಿರಬೇಕು.

ಇನ್ನೊಂದು ಮಾತು. ಅವರ ಮಾತನ್ನು ಕನ್ನಡದಲ್ಲಿ ನಮಗೆ ಹೇಳಲು ಮೇಸ್ತ್ರಿಯನ್ನು ಕಳಿಸಬೇಡಿ. ಒಮ್ಮೆ ಒಬ್ಬಳಿಗೆ ರಕ್ತ ಹೋಗುತ್ತಿತ್ತು. ಮೇಸ್ತ್ರಿಯ ಎದುರು ‘ಸುಸ್ತು’ ಅಂದಳು ಅಷ್ಟೇ. ಅವಳ ಮಗ ಇಲ್ಲಿನ ಶಾಲೆಗೆ ಹೋಗುತ್ತಿದ್ದ, ಕನ್ನಡ ಚೆನ್ನಾಗಿ ಬರುತ್ತಿತ್ತು. ಹತ್ತು ವರ್ಷದ ಹುಡುಗನ ಹತ್ತಿರ ಅದನ್ನೆಲ್ಲ ಹೇಗೆ ಕೇಳಿಸುವುದು? ಪಕ್ಕದ ಲೈನಿನಲ್ಲಿ ಬಹಳ ವರ್ಷದಿಂದ ಇರುವ ಅವರ ಕಡೆಯ ಹೆಂಗಸೊಬ್ಬರು ಸಿಕ್ಕಿದ ಮೇಲೆ ವಿಷಯ ಹೊರಗೆ ಬಂತು. ನಿಮ್ಮಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ, ಹುಡುಕಿ. ಎಲ್ಲರಿಗೂ ಹಿಂದಿ ಬರುತ್ತೆ ಅಂದುಕೊಳ್ಳಬೇಡಿ.

ಪಾಲಿಬೆಟ್ಟದಿಂದ:
ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಉಚಿತ. ಟಿಬಿ ಅಂತ ಬಂದರೂ ಔಷಧಿಗೆ ಖರ್ಚಿಲ್ಲ. ತೊಂದರೆ ಬೇರೆ ಇದೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು, ಕೊಯ್ಲು ಮಾರ್ಚಿಗೆ ಮುಗಿಯುತ್ತದೆ. ನಮ್ಮ ತೋಟದವನೊಬ್ಬ ರೈಲು ಹತ್ತಿದವನು ಮಾತ್ರೆ ಬಿಟ್ಟೇಬಿಟ್ಟ. ಹೊರಡುವ ಮೊದಲು ಆಸ್ಪತ್ರೆಯವರಿಗೆ ತಿಳಿಸಿದರೆ ನಿಕ್ಷಯ್ ನಂಬರಿನ (ಟಿಬಿ ರೋಗಿಗೆ ಸರ್ಕಾರ ಕೊಡುವ ನೋಂದಣಿ ನಂಬರ್) ಮೇಲೆ ಊರಿನ ಆಸ್ಪತ್ರೆಗೆ ವರ್ಗ ಮಾಡುತ್ತಾರೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೇ ಬರುತ್ತದೆ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಸುಂಟಿಕೊಪ್ಪದಿಂದ:
ರೇಷನ್ ಬಗ್ಗೆ. ಅಸ್ಸಾಂ 2022ರಲ್ಲಿ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಸೇರಿದೆ. ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆದುಕೊಳ್ಳಬಹುದು. ತಮ್ಮ ಪಾಲು ಇಲ್ಲಿ, ಮನೆಯವರ ಪಾಲು ಅಲ್ಲಿ. ಇ-ಶ್ರಮ್ ಕಾರ್ಡನ್ನು ತುಂಬಾ ಜನ ಆಸ್ಪತ್ರೆ ಕಾರ್ಡ್ ಅಂದುಕೊಂಡಿದ್ದಾರೆ. ಅದು ಕಾರ್ಮಿಕರ ನೋಂದಣಿ ಅಷ್ಟೇ. ಆಸ್ಪತ್ರೆಗೆ ದಾಖಲಾದಾಗ ಉಪಯೋಗಕ್ಕೆ ಬರುವುದು ಆಯುಷ್ಮಾನ್ ಕಾರ್ಡ್. ಊರಲ್ಲಿ ಮಾಡಿಸಿದ್ದರೂ ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಇಲ್ಲಿಯೂ ನಡೆಯುತ್ತದೆ. ಮತ್ತೆ, ಅವರ ಆಧಾರ್ ಕಾರ್ಡುಗಳನ್ನು ಆಫೀಸಿನಲ್ಲಿ ತೆಗೆದಿಟ್ಟುಕೊಳ್ಳಬೇಡಿ. ಕೆಲವು ತೋಟಗಳಲ್ಲಿ ಹಾಗೆ ಮಾಡುತ್ತಾರೆ, ನನಗಂತೂ ಸರಿ ಕಾಣುವುದಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬಸುರಿ ಹುಡುಗಿಯ ಹತ್ತಿರ ಊರಿನ ತಾಯಿ ಕಾರ್ಡ್ ಇದೆ, ಬಟ್ಟೆ ಗಂಟಿನಲ್ಲಿತ್ತು. ಆಶಾ ನಾಳೆ ಬರುತ್ತಾರೆ. ಕೆಮ್ಮಿನವರು ಮಾತ್ರ ಒಪ್ಪುತ್ತಿಲ್ಲ. ಕೂಲಿ ಕೊಡುತ್ತೇನೆ ಅಂದರೆ ನಗುತ್ತಾರೆ. ರೈಟರ್ ಅವರೇ, ನೀವು ಹೇಗೆ ನಂಬಿಸಿದಿರಿ? ನಮ್ಮಲ್ಲಿ ಕೂಲಿ ಕೊಡುವುದು ಕೊಯ್ದ ಕೆ.ಜಿ. ಲೆಕ್ಕದಲ್ಲಿ.

ತೋಟದ ರೈಟರ್, ಅಮ್ಮತ್ತಿ:
ಹಿಂದಿನ ದಿನ ಎಷ್ಟು ಕೆ.ಜಿ. ಕೊಯ್ದಿದ್ದರೋ ಅಷ್ಟನ್ನೇ ಅವರ ಎದುರಿಗೆ ಪುಸ್ತಕದಲ್ಲಿ ಬರೆದೆ, ಮೇಡಂ. ಆಮೇಲೆ ಜೀಪು ಹತ್ತಿದರು.