ಪಾದದ ಗಂಟು ಮುರಿದು ವಾರ ಆಗುತ್ತಾ ಬಂತು, ಆಸ್ಪತ್ರೆಯಿಂದ ಫೋನ್ ಇಲ್ಲ: ಮಗನನ್ನು ಊರಿಗೆ ಕರೆಸುವುದಾ?

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ):
ಡಾಕ್ಟ್ರೇ ನಮಸ್ಕಾರ. ಮಗ ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದುತ್ತಿದ್ದಾನೆ, ವಯಸ್ಸು 24. ಹೋದ ಶನಿವಾರ ಮೆಟ್ಟಿಲಲ್ಲಿ ಜಾರಿ ಬಲಗಾಲಿನ ಪಾದ ಮಡಚಿ ಬಿದ್ದ. ಅಲ್ಲಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ರಾತ್ರಿಯೆಲ್ಲ ಕೂತ ಮೇಲೆ ಎಕ್ಸ್‌ರೇ ಆಯಿತು. ಹೊರಬದಿಯ ಮೂಳೆ ಮುರಿದಿದೆ, ಚೀಟಿಯಲ್ಲಿ "ವೆಬರ್ ಬಿ" ಅಂತ ಬರೆದಿದ್ದಾರೆ. ಅರ್ಧ ಪ್ಲಾಸ್ಟರ್ ಕಟ್ಟಿ, ಊರುಗೋಲು ಕೊಟ್ಟು, "ಫ್ರ್ಯಾಕ್ಚರ್ ಕ್ಲಿನಿಕ್‌ನವರು ಫೋನ್ ಮಾಡುತ್ತಾರೆ" ಅಂತ ಮನೆಗೆ ಕಳಿಸಿದರು. ಇವತ್ತು ಶುಕ್ರವಾರ. ಫೋನೂ ಇಲ್ಲ, ಎಂತದೂ ಇಲ್ಲ. ಕಾಲು ಊದಿಯೇ ಉಂಟು. ಮಣಿಪಾಲದಲ್ಲಾದರೆ ಅದೇ ದಿನ ಆಪರೇಷನ್ ಮಾಡುತ್ತಿದ್ದರು ಅಂತ ಇವರು ನನ್ನ ತಲೆ ತಿನ್ನುತ್ತಿದ್ದಾರೆ. ಟಿಕೆಟ್ ಮಾಡಿ ಕರೆಸುವುದಾ? ತಡವಾದರೆ ಮೂಳೆ ಸೊಟ್ಟ ಕೂಡಿಕೊಳ್ಳುವುದಿಲ್ವಾ?

ಉತ್ತರ (ಮೂಳೆ ವೈದ್ಯರು, ಮಂಗಳೂರು):
ನಮಸ್ಕಾರ ಅಕ್ಕ. ಟಿಕೆಟ್ ಈಗಲೇ ಬೇಡ. ಆದರೆ ಫೋನ್ ಬರಲಿ ಅಂತ ಕಾಯುವುದೂ ಬೇಡ. ಇವತ್ತೇ ಅವನೇ ಮಾಡಲಿ, ನಾಳೆ ಶನಿವಾರ, ಕ್ಲಿನಿಕ್ ಬಾಗಿಲು ಹಾಕಿರಬಹುದು.

ಪಾದದ ಗಂಟು ಮುರಿದಾಗ ಅವಸರ ಎರಡು ಥರದ್ದು. ಕೆಲವದಕ್ಕೆ ಗಂಟೆಗಳ ಲೆಕ್ಕ. ಗಂಟು ಜಾರಿ ಪಾದ ಓರೆಯಾಗಿದೆ, ಚರ್ಮ ಹರಿದು ಮೂಳೆ ಕಾಣುತ್ತಿದೆ, ಬೆರಳುಗಳು ಬಿಳಿಚಿ ತಣ್ಣಗಾಗಿವೆ ಅಂದರೆ ಯಾವ ದೇಶವಾದರೂ ಆ ಹೊತ್ತಿಗೇ ಕೈ ಹಾಕಬೇಕು. ನಿಮ್ಮ ಮಗನಿಗೆ ಅದು ಯಾವುದೂ ಇರಲಿಲ್ಲ, ಇದ್ದಿದ್ದರೆ ಮನೆಗೆ ಕಳಿಸುತ್ತಿರಲಿಲ್ಲ. ಉಳಿದದ್ದಕ್ಕೆ ಸುಮಾರು ಎರಡು ವಾರದ ಲೆಕ್ಕ. ಅಷ್ಟರೊಳಗೆ ಆಪರೇಷನ್ ಬೇಕಾ ಬೇಡವಾ ಅಂತ ತೀರ್ಮಾನವಾಗಿ, ಬೇಕಾದರೆ ಅದು ಮುಗಿದಿದ್ದರೆ ಒಳ್ಳೆಯದು. ಮೂರು ವಾರ ದಾಟಿದರೆ ಮೂಳೆ ಇದ್ದ ಜಾಗದಲ್ಲೇ ಕೂಡಲು ಶುರುವಾಗಿರುತ್ತದೆ, ಬಿಡಿಸಿ ಕೂರಿಸುವುದು ಕಷ್ಟ. ನಿಮ್ಮ ಭಯ ಸುಳ್ಳಲ್ಲ, ಆದರೆ ಇನ್ನೂ ಸಮಯ ಉಂಟು.

ಯಜಮಾನರಿಗೆ ಒಂದು ಮಾತು. ಇಲ್ಲಾದರೂ ಅದೇ ದಿನ ಆಪರೇಷನ್ ಅಂತ ಗ್ಯಾರಂಟಿ ಇಲ್ಲ. ಬಿದ್ದ ದಿನ, ಹೆಚ್ಚೆಂದರೆ ಮರುದಿನ, ಊತ ಏರುವ ಮೊದಲೇ ಮಾಡಿದರೆ ಚೆಂದ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಕ್ರಮ ಹೇಳುವ ನೈಸ್ ಎಂಬ ಸಂಸ್ಥೆಯ 2016ರ ಮಾರ್ಗಸೂಚಿಯೂ ಆಪರೇಷನ್ ಬೇಕಿದ್ದರೆ ಅದನ್ನೇ ಹೇಳುತ್ತದೆ. ಆ ಹೊತ್ತು ತಪ್ಪಿತೋ, ಊತ ಇಳಿಯುವವರೆಗೆ ನಾವೇ ಕಾಯಿಸುತ್ತೇವೆ. ಬಿಗಿದ, ಗುಳ್ಳೆ ಎದ್ದ ಚರ್ಮ ಕೊಯ್ದರೆ ಗಾಯ ಕೂಡುವುದಿಲ್ಲ, ಕೀವಾಗುತ್ತದೆ. ಚರ್ಮದಲ್ಲಿ ಮತ್ತೆ ಸಣ್ಣ ಸುಕ್ಕು ಕಾಣಲು ವಾರ, ಹತ್ತು ದಿನ ಬೇಕಾಗುತ್ತದೆ. ವಾರ್ಡಿನಲ್ಲಿ ಮಲಗಿ ಕಾಯುವುದಕ್ಕೂ ರೂಮಿನಲ್ಲಿ ಮಲಗಿ ಕಾಯುವುದಕ್ಕೂ ಕಾಲಿಗೆ ಜಾಸ್ತಿ ವ್ಯತ್ಯಾಸ ಇಲ್ಲ, ಕಾಲು ಎದೆಗಿಂತ ಮೇಲೆ ದಿಂಬಿನ ಮೇಲಿದ್ದರೆ ಸಾಕು. ನೆಲಕ್ಕೆ ಇಳಿಬಿಟ್ಟು ಕುಳಿತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದರೆ ಊತ ಎಲ್ಲಿ ಇಳಿಯಬೇಕು!

ಈಗ ಮುಖ್ಯ ವಿಷಯ. ವೆಬರ್ ಬಿ ಎಂದರೆ ಹೊರಬದಿಯ ಫಿಬುಲಾ ಮೂಳೆ ಗಂಟಿನ ಮಟ್ಟದಲ್ಲೇ ಮುರಿದದ್ದು. ಇದರಲ್ಲಿ ಆಪರೇಷನ್ ಬೇಡದವರೂ ಬಹಳ ಮಂದಿ. ಕಾಲಿನ ಎರಡು ಮೂಳೆಗಳ ತುದಿ ಸೇರಿ ಒಂದು ಗೂಡಾಗುತ್ತದೆ, ಅದರೊಳಗೆ ಪಾದದ ಟಾಲಸ್ ಮೂಳೆ ಕೂರುತ್ತದೆ, ಬಡಗಿ ಮರದಲ್ಲಿ ತೋಡು ಕೊರೆದು ಇನ್ನೊಂದು ಮರ ಕೂರಿಸಿದ ಹಾಗೆ. ಟಾಲಸ್ ಜಾಗ ಬಿಡದಿದ್ದರೆ ಗಂಟು ಅಲುಗದಂತೆ ಹಿಡಿಯುವ ಬೂಟು ಹಾಕಿ ನಡೆಸುತ್ತೇವೆ. ಸರಿದಿದ್ದರೆ ಪ್ಲೇಟು, ಸ್ಕ್ರೂ. 1976ರ ಒಂದು ಪ್ರಯೋಗವನ್ನು ನಾವು ಮೂಳೆ ವೈದ್ಯರೆಲ್ಲ ಬಾಯಿಪಾಠ ಮಾಡಿರುತ್ತೇವೆ: ಟಾಲಸ್ 1 ಮಿಲಿಮೀಟರ್ ಹೊರಕ್ಕೆ ಸರಿದರೆ ಗಂಟಿನೊಳಗೆ ಮೂಳೆಗೆ ಮೂಳೆ ತಾಗುವ ಜಾಗ 42 ಶೇಕಡಾ ಕಡಿಮೆ. ಸರಿದದ್ದನ್ನು ಹಾಗೇ ಬಿಟ್ಟರೆ ಮುಂದೆ ಸವೆತ ಬರುವುದು ಇದಕ್ಕೇ.

ಹಾಗಾಗಿ ಮಗ ಫೋನಿನಲ್ಲಿ "ಯಾವಾಗ ಕರೆಯುತ್ತೀರಿ" ಅಂತ ಮಾತ್ರ ಕೇಳಿದರೆ ಸಾಲದು. ನನ್ನ ಹೆಸರು ಲಿಸ್ಟಿನಲ್ಲಿ ಉಂಟಾ, ನನ್ನ ಎಕ್ಸ್‌ರೇಯನ್ನು ಮೂಳೆ ವೈದ್ಯರು ನೋಡಿದ್ದಾರಾ, ಗಂಟು ಸ್ಥಿರವಾಗಿದೆಯಾ, ಟಾಲಸ್ ಸರಿದಿದೆಯಾ ಅಂತ ಕೇಳಬೇಕು. ಅಲ್ಲಿ ಎಷ್ಟೋ ಕಡೆ ವೈದ್ಯರು ಎಕ್ಸ್‌ರೇಯನ್ನು ಕಂಪ್ಯೂಟರಿನಲ್ಲಿ ನೋಡಿ, ರೋಗಿಗೆ ಫೋನಿನಲ್ಲೇ ವಿಷಯ ತಿಳಿಸುತ್ತಾರೆ. ಅದು ಅಸಡ್ಡೆ ಅಲ್ಲ, ಪದ್ಧತಿ. ಆದರೆ ಫ್ರ್ಯಾಕ್ಚರ್ ಕ್ಲಿನಿಕ್ 72 ಗಂಟೆಯೊಳಗೆ ನೋಡಬೇಕು ಅಂತ ಅಲ್ಲಿನ ಮೂಳೆ ವೈದ್ಯರ ಸಂಘವೇ ಹೇಳಿದೆ. ಅದು ದಾಟಿಯಾಯಿತು, ಕೇಳುವ ಹಕ್ಕು ಅವನಿಗೆ ಉಂಟು. ಎಷ್ಟೋ ಸಲ ಚೀಟಿಯಲ್ಲಿ ಮೊಬೈಲ್ ನಂಬರ್ ತಪ್ಪಿರುತ್ತದೆ, ಅಷ್ಟೇ. ಮೊದಲು ಅದನ್ನೇ ನೋಡಲಿ. ಕ್ಲಿನಿಕ್ ಫೋನ್ ಎತ್ತದಿದ್ದರೆ ಆಸ್ಪತ್ರೆಯ ಮುಖ್ಯ ನಂಬರಿಗೆ ಮಾಡಿ ಅಲ್ಲಿಂದ ಜೋಡಿಸಲು ಹೇಳಲಿ. ಅದೂ ಆಗದಿದ್ದರೆ ಪಾಲ್ಸ್ ಅಂತ ರೋಗಿಗಳ ದೂರು, ಸಹಾಯಕ್ಕೆ ಇರುವ ವಿಭಾಗ ಉಂಟು, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೇಳಿದರೆ ತೋರಿಸುತ್ತಾರೆ.

ಗುಳಿಗೆ ತೆಗೆದುಕೊಂಡರೂ ನೋವು ಏರುತ್ತಾ ಹೋದರೆ, ಬೆರಳು ಮರಗಟ್ಟಿದರೆ ಯಾರ ಫೋನಿಗೂ ಕಾಯದೆ ಎಮರ್ಜೆನ್ಸಿಗೆ ವಾಪಸ್ ಹೋಗಲಿ. ಸಂಶಯ ಇದ್ದರೆ ಅಲ್ಲಿನ ಆರೋಗ್ಯ ಸಲಹೆಯ ನಂಬರ್ 111ಕ್ಕೆ ಕೇಳಬಹುದು. ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು ಆದರೆ ರಕ್ತ ಹೆಪ್ಪುಗಟ್ಟಿರಬಹುದು. ಉಸಿರಿನ ತೊಂದರೆ ಅಂದರೆ ನೇರ ಆಂಬ್ಯುಲೆನ್ಸಿನ ನಂಬರ್ 999.

ಬ್ರಹ್ಮಾವರದ ಸದಸ್ಯೆ:
ಡಾಕ್ಟ್ರೇ, ನೀವು ಹೇಳಿದ ಹಾಗೇ ಫೋನ್ ಮಾಡಿದ. ನಂಬರಿನಲ್ಲಿ ಒಂದು ಅಂಕೆ ತಪ್ಪಿತ್ತಂತೆ! ಸೋಮವಾರ ಬರಲು ಹೇಳಿದ್ದಾರೆ. ಆದರೆ ಮುರಿದ ಕಾಲಿನ ಮೇಲೆ ನಿಲ್ಲಿಸಿ ಎಕ್ಸ್‌ರೇ ತೆಗೆಯುತ್ತಾರಂತೆ. ಅದು ಹೇಗೆ ಮಾರಾಯ್ರೇ?

ಉತ್ತರ:
ಹೆದರಬೇಡಿ, ಬೇಕೆಂದೇ ಮಾಡುವುದು. ಮಲಗಿದ್ದಾಗ ಸರಿಯಾಗಿ ಕಾಣುವ ಗಂಟು ಮೈಭಾರ ಬಿದ್ದಾಗ ಜರುಗುತ್ತದಾ ಅಂತ ನೋಡುವುದಕ್ಕೆ. ಜರುಗದಿದ್ದರೆ ಆಪರೇಷನ್ ಇಲ್ಲದೆ ಬೂಟಿನಲ್ಲಿ ಸುಮಾರು ಆರು ವಾರ. ತಾಳುವಷ್ಟು ಭಾರ ಹಾಕಿದರೆ ಸಾಕು ಅಂತ ಅವನಿಗೆ ಹೇಳಿ. ಹಾಗೇ ರಕ್ತ ತೆಳುವಾಗುವ ಇಂಜೆಕ್ಷನ್ ನನಗೆ ಬೇಕಾ ಅಂತಲೂ ಕೇಳಲಿ. ಎಲ್ಲರಿಗೂ ಬೇಡ. ಸಿಗರೇಟ್, ತೂಕ, ಹಿಂದೆ ಹೆಪ್ಪುಗಟ್ಟಿದ್ದು ಇದನ್ನೆಲ್ಲ ನೋಡಿ ಕೊಡುತ್ತಾರೆ. ಸಿಗರೇಟ್ ವಿಷಯ ಅಮ್ಮನಿಗೆ ಹೇಳದಿದ್ದರೂ ಡಾಕ್ಟರಿಗೆ ಹೇಳಬೇಕು, ಅವನಿಗೆ ಇದನ್ನು ಫಾರ್ವರ್ಡ್ ಮಾಡಿ.

ಸದಸ್ಯರು, ಉಡುಪಿ:
ಅಷ್ಟು ಕಷ್ಟ ಯಾಕೆ? ವಿಮಾನ ಹತ್ತಿಸಿದರೆ ಮರುದಿನ ಬಜ್ಪೆಯಲ್ಲಿ ಇರುತ್ತಾನೆ. ಪ್ಲಾಸ್ಟರ್ ಇದ್ದರೆ ಬಿಡುವುದಿಲ್ವಾ?

ಉತ್ತರ:
ಬಿಡುತ್ತಾರೆ. ಬ್ರಿಟನ್ನಿನ ನಿಯಮದಲ್ಲಿ ಪ್ಲಾಸ್ಟರ್ ಹಾಕಿದ ಮೇಲೆ ಎರಡು ಗಂಟೆಗಿಂತ ಉದ್ದದ ಪ್ರಯಾಣಕ್ಕೆ 48 ಗಂಟೆ ಕಾಯಬೇಕು. ಕೆಲವು ವಿಮಾನ ಕಂಪನಿಯವರು ವೈದ್ಯರ ಸಹಿಯ ಫಾರ್ಮ್ ಕೇಳುತ್ತಾರೆ. ನನ್ನ ಅಡ್ಡಿ ಅದಕ್ಕಲ್ಲ. ಒಂಬತ್ತು ಹತ್ತು ಗಂಟೆ ಕಾಲು ಇಳಿಬಿಟ್ಟು ಕುಳಿತರೆ ಇಳಿದ ಊತ ಮತ್ತೆ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ಇಲ್ಲಿ ಬಂದ ಮೇಲೆ ನಾನು ಮತ್ತೆ ಊತ ಇಳಿಯಲಿ ಅಂತ ಕಾಯಬೇಕು. ಅಲ್ಲಿ ಅವನು ವೀಸಾ ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯಾಗಿದೆ, ಆಪರೇಷನ್ನಿಗೆ ಬೇರೆ ದುಡ್ಡಿಲ್ಲ. ಆಪರೇಷನ್ ಬೇಕೇ ಬೇಕು ಅಂತ ಹೇಳಿ, ಎರಡು ವಾರದೊಳಗೆ ತಾರೀಕು ಕೊಡಲು ಆಗದಿದ್ದರೆ ಆಗ ಕರೆಸುವ ಮಾತು ಆಡೋಣ.

ಸದಸ್ಯೆ, ಸುರತ್ಕಲ್:
ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟಿದ್ದೇವೆ, ವಿಸಿಟ್ ವೀಸಾ. ನಮಗೂ ಹೀಗೇ ಫ್ರೀಯಾ?

ಉತ್ತರ:
ಇಲ್ಲ ಅಕ್ಕ. ಎಮರ್ಜೆನ್ಸಿಯಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ಅಲ್ಲಿಂದ ಅಡ್ಮಿಟ್ ಆದರೆ, ಆಪರೇಷನ್ ಆದರೆ ಬಿಲ್ ಬರುತ್ತದೆ, ಅದೂ ಅವರ ದರದ ಒಂದೂವರೆ ಪಟ್ಟು. ಇನ್ಶೂರೆನ್ಸ್ ಇಲ್ಲದೆ ಹೋಗಬೇಡಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಯಿರಿ.

ಸದಸ್ಯರು, ಜುಬೈಲ್ (ಸೌದಿ):
ಡಾಕ್ಟರ್, ನಮ್ಮ ಕಾಪುವಿನ ಹುಡುಗ ಒಬ್ಬ ಸೈಟಿನಲ್ಲಿ ಬಿದ್ದ. ಕ್ಯಾಂಪಿನ ಕ್ಲಿನಿಕ್‌ನಲ್ಲಿ ಉಳುಕು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ, ಎಕ್ಸ್‌ರೇ ಇಲ್ಲ. ರೂಮಿನವರು ಎಣ್ಣೆ ತಿಕ್ಕಿ ಎಳೆಯೋಣ ಅಂತಿದ್ದಾರೆ.

ಉತ್ತರ:
ಎಣ್ಣೆ ಬಾಟ್ಲಿ ಮೊದಲು ಒಳಗಿಡಿ. ಎಳೆದರೆ ಸರಿಯದ ಮೂಳೆಯೂ ಸರಿಯುತ್ತದೆ.

ಈಗ ಅವನ ಕಾಲಿನ ಎರಡೂ ಬದಿಯ ಗುಬುಟು ಮೂಳೆಗಳ ತುದಿ ಒತ್ತಿ. ಅಲ್ಲಿಂದ ಹಿಂದಿನ ಅಂಚಿನಲ್ಲೇ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತುತ್ತಾ ಹೋಗಿ. ಮೂಳೆಯ ಮೇಲೆಯೇ ನೋವು ಚುಚ್ಚಿದರೆ ಎಕ್ಸ್‌ರೇ ಬೇಕು. ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೂ ಬೇಕು. ಇದು ಕೆನಡಾದ ಒಟಾವಾದಲ್ಲಿ 1992ರಲ್ಲಿ ಮಾಡಿದ ನಿಯಮ, ಜಗತ್ತಿನಾದ್ಯಂತ ಎಮರ್ಜೆನ್ಸಿಗಳಲ್ಲಿ ಬಳಸುತ್ತಾರೆ, ಆ ಕ್ಲಿನಿಕ್ಕಿನವರಿಗೂ ಗೊತ್ತಿರುತ್ತದೆ. "ಒಟಾವಾ ರೂಲ್" ಅಂತ ಹೆಸರು ಹೇಳಿಯೇ ಕೇಳಿ. ಪಾದದ ಹೊರ ಅಂಚಿನ ಮಧ್ಯದಲ್ಲಿ ಉಬ್ಬಿದ ಮೂಳೆ ಒತ್ತಿದಾಗ ನೋವಿದ್ದರೆ ಪಾದದ ಎಕ್ಸ್‌ರೇಯೂ ಬೇಕು.

ಜುಬೈಲ್ ಸದಸ್ಯರು:
ಒಳಬದಿ ಒತ್ತಿದರೆ ಕಿರುಚುತ್ತಾನೆ. ಊರುವುದಕ್ಕಂತೂ ಆಗುವುದೇ ಇಲ್ಲ. ಫೋರ್‌ಮನ್ ಎರಡು ದಿನ ನೋಡೋಣ ಅನ್ನುತ್ತಾನೆ.

ಉತ್ತರ:
ನೋಡುವುದು ಬೇಡ. ಕಂಪನಿ ಮಾಡಿಸಿದ ಇನ್ಶೂರೆನ್ಸ್ ಕಾರ್ಡ್, ಇಕಾಮಾ (ಸೌದಿಯ ವಾಸದ ಪರವಾನಗಿ ಕಾರ್ಡ್) ಹಿಡಿದು ಇವತ್ತು ರಾತ್ರಿಯೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಗಾಡಿ ಸಿಗದಿದ್ದರೆ 997ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಅಲ್ಲಿಯವರೆಗೆ ಎರಡೂ ಬದಿಗೆ ದಪ್ಪ ರಟ್ಟಿಟ್ಟು ಸಡಿಲವಾಗಿ ಕಟ್ಟಿ, ಕಾಲು ಮೇಲಿರಲಿ. ರಾತ್ರಿಯೇ ಆಪರೇಷನ್ ಆಗಬಹುದು, ಹಾಗಾಗಿ ಊಟ ಕೊಡಬೇಡಿ.

ಇನ್ನೊಂದು, ಬಿದ್ದದ್ದು ಕೆಲಸದ ಜಾಗದಲ್ಲಿ ಅಂತ ಆಸ್ಪತ್ರೆಯ ಚೀಟಿಯಲ್ಲಿ ಬರೆಸಿ. ಕಂಪನಿಗೂ ವಾಟ್ಸಾಪಿನಲ್ಲಾದರೂ ಬರೆದು ತಿಳಿಸಿ, ಬಾಯಿಮಾತು ನಿಲ್ಲುವುದಿಲ್ಲ. ಸೌದಿಯಲ್ಲಿ ಕೆಲಸದ ಗಾಯಕ್ಕೆ ಗೋಸಿ ಅಂತ ಸರ್ಕಾರಿ ವಿಮೆ ಉಂಟು, ಹೊರದೇಶದವರಿಗೂ ಅನ್ವಯ, ಕಂತು ಕಟ್ಟುವುದು ಕಂಪನಿ. "ರೂಮಿನಲ್ಲಿ ಜಾರಿದ" ಅಂತ ಬರೆದುಬಿಟ್ಟರೆ ಅದು ಹೋಯಿತು. ಎಕ್ಸ್‌ರೇ ಸಿಕ್ಕಿದ ಕೂಡಲೇ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆದು ನನಗೆ ಕಳಿಸಿ, ಎದುರಿನಿಂದ ಒಂದು, ಬದಿಯಿಂದ ಒಂದು. ಹುಡುಗನ ಹೆಸರು ಕಾಣದ ಹಾಗೆ.